ಗುಂಪಿನ ಎದುರು ಕಾನೂನು: ಜಾನ್ ಆಡಮ್ಸ್‌ನ ಬದುಕು

ಹೊಸದಾಗಿ ಸ್ವಾತಂತ್ರ್ಯ ಪಡೆದ ನಾಡುಗಳ ಚರಿತ್ರೆಯನ್ನು ಗಮನಿಸಿದರೆ ಅಲ್ಲೆಲ್ಲ ವಕೀಲರ ಸಂಖ್ಯೆ ಎದ್ದು ಕಾಣುತ್ತದೆ. ಭಾರತದ ಮಟ್ಟಿಗೆ ಗಾಂಧೀಜಿ, ಪಟೇಲ್, ನೆಹರು, ರಾಜೇಂದ್ರ ಪ್ರಸಾದ್, ಅಂಬೇಡ್ಕರ್ ಇವರೆಲ್ಲ ಕಾನೂನು ಓದಿದವರೇ. ಕಾರಣ ಊಹಿಸುವುದು ಕಷ್ಟವಲ್ಲ. ಪರಕೀಯರ ಆಳ್ವಿಕೆಯನ್ನು ಪ್ರಶ್ನಿಸಲು ಅವರದೇ ಕಾನೂನಿನ ಭಾಷೆ ಬಲ್ಲವರು ಬೇಕು. ಆ ಆಳ್ವಿಕೆ ಅಳಿದ ಮೇಲೆ ಹೊಸ ಕಟ್ಟಳೆಯನ್ನು ಬರೆಯುವುದಕ್ಕೂ ಅವರೇ ಬೇಕು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಕೀಲರಾಗಿದ್ದರು. ಅವರಲ್ಲೊಬ್ಬನಾದ ಜಾನ್ ಆಡಮ್ಸ್ ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದನು.

ವಾಷಿಂಗ್ಟನ್‌ನ ಗಾಂಭೀರ್ಯವಾಗಲಿ, ಜೆಫರ್ಸನ್‌ನ ಬರವಣಿಗೆಯ ಸೊಬಗಾಗಲಿ ಆಡಮ್ಸ್‌ನಿಗೆ ಇರಲಿಲ್ಲ. ಗಿಡ್ಡನೆಯ ದಪ್ಪ ಮೈಕಟ್ಟು, ಮುಂಗೋಪ, ತನ್ನ ಕೆಲಸವನ್ನು ಜನ ಗುರುತಿಸಲಿಲ್ಲವೆಂಬ ಕೊರಗು ಇವು ಅವನ ಜೊತೆಗೇ ಇದ್ದವು. ಆದರೂ ಅವನ ಬದುಕನ್ನು ಮತ್ತೆ ಮತ್ತೆ ಓದುವಂತೆ ಮಾಡುವ ಒಂದು ಪ್ರಶ್ನೆಯುಂಟು. ಊರಿಗೆ ಊರೇ ಒಂದು ಕಡೆ ನಿಂತು ಒಬ್ಬನನ್ನು ಶಿಕ್ಷಿಸಬೇಕೆಂದು ಕೂಗುವಾಗ ಕಾನೂನು ಯಾರ ಪಕ್ಷದಲ್ಲಿರಬೇಕು? ಈ ಪ್ರಶ್ನೆಗೆ ಆಡಮ್ಸ್ ತನ್ನ 34ನೆಯ ವಯಸ್ಸಿನಲ್ಲಿ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. 62ನೆಯ ವಯಸ್ಸಿನಲ್ಲಿ, ಅಧಿಕಾರದ ಪೀಠದ ಮೇಲೆ ಕುಳಿತಿದ್ದಾಗ, ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದು ನಿಂತಿತು. ಆಗ ಅವನು ಎಡವಿದನು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಅವನ ಮುತ್ಸದ್ದಿತನದ ಬೆಲೆ ತಿಳಿಯಲಾರದು.

ರೈತನ ಮಗ, ಎರಡು ಪದದ ಸೋಲು

ಆಡಮ್ಸ್ ಹುಟ್ಟಿದ್ದು 1735ರ ಅಕ್ಟೋಬರ್ 30ರಂದು, ಮ್ಯಾಸಚೂಸೆಟ್ಸ್ ವಸಾಹತಿನ ಬ್ರೇನ್‌ಟ್ರೀ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರ, ಚಳಿಗಾಲದಲ್ಲಿ ಚಪ್ಪಲಿ, ಬೂಟು ಹೊಲಿಯುತ್ತಿದ್ದವನು, ಊರಿನ ಚರ್ಚಿನಲ್ಲೂ ಪಂಚಾಯಿತಿಯಲ್ಲೂ ಹೊಣೆ ಹೊತ್ತವನು. ಹಿರಿಯ ಮಗ ಪಾದ್ರಿಯಾಗಲಿ ಎಂಬುದು ಅವನ ಬಯಕೆ. ಅದಕ್ಕಾಗಿಯೇ ಮಗನನ್ನು ಹಾರ್ವರ್ಡ್ ಕಾಲೇಜಿಗೆ ಕಳುಹಿಸಿದನು. 1755ರಲ್ಲಿ ಪದವಿ ಪಡೆದ ಆಡಮ್ಸ್ ವೂಸ್ಟರ್ ಎಂಬ ಊರಿನಲ್ಲಿ ಶಾಲಾ ಮಾಸ್ತರನಾದನು. ಧರ್ಮಪೀಠದ ವಾದವಿವಾದಗಳ ಕಹಿಯನ್ನು ಹತ್ತಿರದಿಂದ ಕಂಡಿದ್ದ ಅವನಿಗೆ ಪಾದ್ರಿಯ ಬದುಕು ಒಗ್ಗದು ಎನ್ನಿಸಿತು. ಹಗಲು ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಜೇಮ್ಸ್ ಪಟ್ನಂ ಎಂಬ ವಕೀಲನ ಬಳಿ ಕಾನೂನು ಕಲಿತನು. 1758ರಲ್ಲಿ ವಕೀಲಿ ಸನ್ನದು ದೊರೆಯಿತು.

ಅವನು ಹಿಡಿದ ಮೊದಲ ದಾವೆಯೇ ಬಿದ್ದುಹೋಯಿತು. ನೆರೆಯವನ ಕುದುರೆಗಳು ಬೇಲಿ ಮುರಿದು ತನ್ನ ಜಮೀನಿಗೆ ನುಗ್ಗಿದವೆಂದು ಬ್ರೇನ್‌ಟ್ರೀಯ ರೈತನೊಬ್ಬ ಹೂಡಿದ ವ್ಯಾಜ್ಯ ಅದು. ಆಡಮ್ಸ್ ಬರೆದ ಸಮನ್ಸಿನ ಒಕ್ಕಣೆಯಲ್ಲಿ ಜಿಲ್ಲೆಯನ್ನು ಸೂಚಿಸುವ ಒಂದೆರಡು ಪದಗಳು ಬಿಟ್ಟುಹೋಗಿದ್ದವು. ಎದುರು ಪಕ್ಷ ಅದನ್ನೇ ಹಿಡಿಯಿತು, ದಾವೆ ತಿರಸ್ಕೃತವಾಯಿತು. ಊರಿನವರ ಎದುರು ಆದ ಈ ಅವಮಾನವನ್ನು ಅವನು ದಿನಚರಿಯಲ್ಲಿ ಸಂಕಟದಿಂದ ಬರೆದುಕೊಂಡಿದ್ದಾನೆ. ಆದರೆ ಆ ಸೋಲು ಒಂದು ಪಾಠವನ್ನು ಕಲಿಸಿತು. ಬರೆದ ಕಾನೂನಿನಲ್ಲಿ ಒಂದು ಪದ ಇರುವುದಕ್ಕೂ ಇಲ್ಲದಿರುವುದಕ್ಕೂ ಮನುಷ್ಯರ ಸೊತ್ತು, ಕೆಲವೊಮ್ಮೆ ಪ್ರಾಣವೇ ತೂಗಾಡುತ್ತದೆ ಎಂಬ ಅರಿವು ಮುಂದೆ ಅವನನ್ನು ಬಿಡಲಿಲ್ಲ.

1761ರಲ್ಲಿ ಬಾಸ್ಟನ್ನಿನ ನ್ಯಾಯಾಲಯದಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲ ಮಾಡಿದ ವಾದವನ್ನು ಆಡಮ್ಸ್ ಕೇಳಿದನು. ಸುಂಕದ ಅಧಿಕಾರಿಗಳು ಯಾರ ಮನೆಯನ್ನಾದರೂ, ಯಾವಾಗಲಾದರೂ ಶೋಧಿಸಲು ಅಧಿಕಾರ ಕೊಡುವ ಸಾಮಾನ್ಯ ವಾರಂಟುಗಳ ವಿರುದ್ಧದ ವಾದ ಅದು. ಮೂಲೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡ ಈ ಎಳೆಯ ವಕೀಲ, ಸ್ವಾತಂತ್ರ್ಯವೆಂಬ ಕೂಸು ಹುಟ್ಟಿದ್ದು ಅಂದು, ಆ ಕೋಣೆಯಲ್ಲಿ ಎಂದು ಮುಪ್ಪಿನಲ್ಲಿ ನೆನೆದನು. 1764ರಲ್ಲಿ ಅಬಿಗೇಲ್ ಸ್ಮಿತ್‌ಳೊಡನೆ ಮದುವೆಯಾಯಿತು. ಶಾಲೆಯ ಮುಖ ಕಾಣದಿದ್ದರೂ ವಿಪುಲವಾಗಿ ಓದಿಕೊಂಡಿದ್ದ ಆಕೆ ಅವನ ಬಾಳಿನ ಅತ್ಯಂತ ನಿಷ್ಠುರ ವಿಮರ್ಶಕಳೂ ಆದಳು. 1765ರಲ್ಲಿ ಬ್ರಿಟಿಷ್ ಸಂಸತ್ತು ಸ್ಟಾಂಪ್ ಕಾಯಿದೆ ತಂದಾಗ, ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹಾಕುವಂತಿಲ್ಲವೆಂದು ಬ್ರೇನ್‌ಟ್ರೀ ಊರಿನ ಪರವಾಗಿ ನಿರ್ದೇಶನ ಪತ್ರವನ್ನು ಬರೆದವನು ಆಡಮ್ಸ್. 1768ರಲ್ಲಿ ಸರ್ಕಾರ ಅವನನ್ನು ಒಲಿಸಿಕೊಳ್ಳಲು ನೌಕಾ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲನ ಹುದ್ದೆಯನ್ನು ಮುಂದಿಟ್ಟಿತು. ಸಂಬಳವೂ ಗೌರವವೂ ಇದ್ದ ಆ ಹುದ್ದೆಯನ್ನು ಅವನು ನಿರಾಕರಿಸಿದನು.

ಕಿಂಗ್ ಸ್ಟ್ರೀಟಿನ ಗುಂಡುಗಳು

1770ರ ಮಾರ್ಚ್ 5ರ ರಾತ್ರಿ. ಬಾಸ್ಟನ್ನಿನ ಬೀದಿಗಳಲ್ಲಿ ಹಿಮ ಬಿದ್ದಿತ್ತು. ಒಂದೂವರೆ ವರ್ಷದಿಂದ ಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರಿಗೂ ನಾಗರಿಕರಿಗೂ ದಿನವೂ ಜಗಳ. ಕಿಂಗ್ ಸ್ಟ್ರೀಟಿನಲ್ಲಿ ಸುಂಕದ ಕಚೇರಿಯ ಮುಂದೆ ಕಾವಲಿದ್ದ ಒಬ್ಬ ಸೈನಿಕನ ಸುತ್ತ ಗುಂಪು ಸೇರಿತು. ಅವನ ನೆರವಿಗೆ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಏಳು ಮಂದಿಯನ್ನು ಕರೆದುಕೊಂಡು ಬಂದನು. ಹಿಮದ ಉಂಡೆ, ಮಂಜುಗಡ್ಡೆಯ ಚೂರು, ದೊಣ್ಣೆಗಳು ಅವರ ಮೇಲೆ ಬಿದ್ದವು; ಧೈರ್ಯವಿದ್ದರೆ ಗುಂಡು ಹಾರಿಸಿ ಎಂಬ ಕೂಗು ಎದ್ದಿತು. ಒಬ್ಬ ಸೈನಿಕ ಏಟು ತಿಂದು ಬಿದ್ದು, ಎದ್ದು, ಗುಂಡು ಹಾರಿಸಿದನು. ಮಿಕ್ಕವರೂ ಹಾರಿಸಿದರು. ಮೂವರು ಸ್ಥಳದಲ್ಲೇ ಸತ್ತರು. ಗಾಯಗೊಂಡವರಲ್ಲಿ ಇಬ್ಬರು ಆಮೇಲೆ ತೀರಿಕೊಂಡರು. ಸತ್ತವರಲ್ಲಿ ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತಸಂಬಂಧದ ಕ್ರಿಸ್ಪಸ್ ಅಟಕ್ಸ್ ಎಂಬ ನಾವಿಕನಿದ್ದನು. ಪಾಲ್ ರಿವಿಯರ್ ಕೆತ್ತಿದ ಚಿತ್ರ ಮನೆಮನೆಗೂ ಹೋಯಿತು. ಅದರಲ್ಲಿ ಸೈನಿಕರು ಸಾಲಾಗಿ ನಿಂತು, ನಾಯಕನ ಆಜ್ಞೆಯಂತೆ, ನಿರಾಯುಧರ ಮೇಲೆ ಗುಂಡಿಕ್ಕುತ್ತಿದ್ದರು. ಪಟ್ಟಣ ಆಗಲೇ ತೀರ್ಪು ಕೊಟ್ಟಾಗಿತ್ತು.

ಮರುದಿನವೇ ಪ್ರೆಸ್ಟನ್ ಪರವಾಗಿ ಜೇಮ್ಸ್ ಫಾರೆಸ್ಟ್ ಎಂಬ ವರ್ತಕ ಆಡಮ್ಸ್‌ನ ಕಚೇರಿಗೆ ಬಂದನು. ಯಾವ ವಕೀಲನೂ ವಕಾಲತ್ತು ವಹಿಸಲು ಸಿದ್ಧನಿಲ್ಲ. ಕಿರಿಯ ವಕೀಲ ಜೋಸಯಾ ಕ್ವಿನ್ಸಿ ಮಾತ್ರ ಆಡಮ್ಸ್ ಬಂದರೆ ತಾನೂ ಬರುವೆನೆಂದು ಹೇಳಿದ್ದಾನೆ ಎಂದು ಕಣ್ಣೀರಿಟ್ಟನು. ಆಡಮ್ಸ್ ಒಪ್ಪಿದನು. ಪ್ರಾಣಕ್ಕೆ ಎರವಾಗುವ ಆರೋಪ ಹೊತ್ತವನಿಗೆ ಸ್ವತಂತ್ರ ದೇಶವೊಂದರಲ್ಲಿ ವಕೀಲನ ಕೊರತೆ ಆಗಕೂಡದು ಎಂಬುದು ಅವನ ನಿಲುವು. ಇಡೀ ಕೆಲಸಕ್ಕೆ ಅವನಿಗೆ ಸಂದದ್ದು ಸುಮಾರು 18 ಗಿನಿ. ವಿಚಿತ್ರವೆಂದರೆ ಜೋಸಯಾ ಕ್ವಿನ್ಸಿಯ ಸ್ವಂತ ಅಣ್ಣ ಸ್ಯಾಮ್ಯುಯೆಲ್ ಕ್ವಿನ್ಸಿ ಅದೇ ಮೊಕದ್ದಮೆಯಲ್ಲಿ ಸರ್ಕಾರದ ಪರವಾಗಿ ವಾದಿಸುವವನಾಗಿದ್ದನು.

ಮೊಕದ್ದಮೆಯ ಒಳಗೊಂದು ತೊಡಕಿತ್ತು. ತಾನು ಗುಂಡು ಹಾರಿಸಲು ಹೇಳಲೇ ಇಲ್ಲವೆಂಬುದು ಪ್ರೆಸ್ಟನ್‌ನ ವಾದ. ಹೇಳಿದ್ದರಿಂದಲೇ ಹಾರಿಸಿದೆವೆಂಬುದು ಸೈನಿಕರಿಗೆ ಅನುಕೂಲವಾದ ವಾದ. ಒಬ್ಬರನ್ನು ಉಳಿಸುವ ಮಾತು ಇನ್ನೊಬ್ಬರ ಕೊರಳಿಗೆ ಉರುಳಾಗಬಹುದಿತ್ತು. ನ್ಯಾಯಾಲಯ ಎರಡು ವಿಚಾರಣೆಗಳನ್ನು ಬೇರೆ ಬೇರೆಯಾಗಿ ನಡೆಸಿತು. ಅಕ್ಟೋಬರ್ ಕೊನೆಯಲ್ಲಿ ಪ್ರೆಸ್ಟನ್‌ನ ವಿಚಾರಣೆ ಮುಗಿದು ಅವನು ಬಿಡುಗಡೆಯಾದನು. ಆಜ್ಞೆ ಕೊಟ್ಟನೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತಾಗಲಿಲ್ಲ. ನವೆಂಬರ್ 27ರಂದು ಎಂಟು ಸೈನಿಕರ ವಿಚಾರಣೆ ಮೊದಲಾಯಿತು. ಜ್ಯೂರಿಯಲ್ಲಿ ಬಾಸ್ಟನ್ ಪಟ್ಟಣದ ಒಬ್ಬನೂ ಇರದಂತೆ ಆರೋಪಿಗಳ ವಕೀಲರು ಎಚ್ಚರ ವಹಿಸಿದ್ದರು.

ಆಡಮ್ಸ್ ತನ್ನ ವಾದವನ್ನು ಇಟಲಿಯ ನ್ಯಾಯಶಾಸ್ತ್ರಜ್ಞ ಬೆಕ್ಕರಿಯಾನ ಮಾತಿನಿಂದ ಆರಂಭಿಸಿದನು. ಒಂದು ಜೀವವನ್ನು ಉಳಿಸಲು ನೆರವಾದರೆ ಅವನ ಕೃತಜ್ಞತೆಯ ಕಣ್ಣೀರೇ ತನಗೆ ಸಾಕು, ಲೋಕದ ತಿರಸ್ಕಾರವನ್ನು ಸಹಿಸಬಲ್ಲೆ ಎಂಬುದು ಅದರ ಭಾವ. ಬಳಿಕ ಅವನು ಕಾನೂನಿನ ಮೂಲಕ್ಕೆ ಬಂದನು. ಪ್ರಾಣಭಯದಲ್ಲಿ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕು ಕೆಂಪು ಕೋಟು ತೊಟ್ಟವನಿಗೂ ಉಂಟು. ಸಂಗತಿಗಳು ನಮ್ಮ ಇಚ್ಛೆಗೆ ಬಾಗುವಂಥವಲ್ಲ. ನಮ್ಮ ಸಿಟ್ಟು ಎಷ್ಟೇ ಇರಲಿ, ಸಾಕ್ಷ್ಯ ಹೇಳುವುದನ್ನು ಅದು ಬದಲಿಸಲಾರದು ಎಂದು ಜ್ಯೂರಿಗೆ ತಿಳಿಸಿದನು. ಅತ್ಯಂತ ಬಲವಾದ ಸಾಕ್ಷ್ಯ ಸತ್ತವನಿಂದಲೇ ಬಂದಿತು. ಗುಂಡು ತಗುಲಿ ಒಂಬತ್ತು ದಿನ ನರಳಿ ಸತ್ತ ಪ್ಯಾಟ್ರಿಕ್ ಕಾರ್ ತನ್ನ ವೈದ್ಯನಿಗೆ, ಸೈನಿಕರು ತಮ್ಮ ರಕ್ಷಣೆಗಾಗಿ ಹಾರಿಸಿದರು, ತನ್ನನ್ನು ಕೊಂದವನ ಮೇಲೆ ತನಗೆ ಹಗೆಯಿಲ್ಲ ಎಂದು ಹೇಳಿದ್ದನು. ಆ ಮರಣಶಯ್ಯೆಯ ಹೇಳಿಕೆಯನ್ನು ನ್ಯಾಯಾಲಯ ಸ್ವೀಕರಿಸಿತು.

ಡಿಸೆಂಬರ್ 5ರಂದು ಜ್ಯೂರಿ ಆರು ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಗುಂಡು ಹಾರಿಸಿದ್ದು ಖಚಿತವಾಗಿ ಸಾಬೀತಾದ ಇಬ್ಬರನ್ನು ಕೊಲೆಯ ಬದಲು ನರಹತ್ಯೆಯ ಅಪರಾಧಿಗಳೆಂದಿತು. ಅವರು, ಮೂಲತಃ ಪಾದ್ರಿಗಳಿಗೆಂದು ಹುಟ್ಟಿ ಕಾಲಕ್ರಮದಲ್ಲಿ ಎಲ್ಲರಿಗೂ ವಿಸ್ತರಿಸಿದ ಒಂದು ಹಳೆಯ ಇಂಗ್ಲಿಷ್ ವಿನಾಯಿತಿಯನ್ನು ಬಳಸಿಕೊಂಡು ನೇಣಿನಿಂದ ಪಾರಾದರು. ಎರಡನೆಯ ಸಲ ಅದೇ ವಿನಾಯಿತಿ ಕೇಳದಿರಲೆಂದು ಅವರ ಹೆಬ್ಬೆರಳಿಗೆ ಬರೆ ಹಾಕಲಾಯಿತು.

ಈ ಮೊಕದ್ದಮೆಯನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಮರೆಯುತ್ತಾರೆ. ಗುಂಪನ್ನು ವರ್ಣಿಸುವಾಗ ಆಡಮ್ಸ್ ಅದರಲ್ಲಿದ್ದ ಕರಿಯರನ್ನೂ ಐರಿಷರನ್ನೂ ನಾವಿಕರನ್ನೂ ಹೀಗಳೆದು ಮಾತನಾಡಿದನು. ಅಂದಿನ ಅನಾಹುತದ ಬಹುಪಾಲು ಹೊಣೆಯನ್ನು ಸತ್ತುಹೋಗಿದ್ದ ಅಟಕ್ಸ್‌ನ ತಲೆಗೆ ಕಟ್ಟಿದನು. ಬಾಸ್ಟನ್ನಿನ ಗೌರವಸ್ಥರ ಮೇಲೆ ಕಳಂಕ ತಾರದೆ ಆರೋಪಿಗಳನ್ನು ಉಳಿಸಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆ ಜಾಣ್ಮೆಯ ಬೆಲೆಯನ್ನು ತೆತ್ತವನು ಉತ್ತರ ಕೊಡಲಾಗದ ಒಬ್ಬ ಬಡ ನಾವಿಕ. ಜನ ದ್ವೇಷಿಸುವವನಿಗೂ ಕಾನೂನಿನ ಆಶ್ರಯ ಸಿಗಬೇಕೆಂದು ವಾದಿಸುವ ಹೊತ್ತಿನಲ್ಲೇ, ಜನ ಕೀಳಾಗಿ ಕಾಣುವವನನ್ನು ಆಡಮ್ಸ್ ಸುಲಭವಾಗಿ ಬಿಟ್ಟುಕೊಟ್ಟನು. ಆದರೂ ಮೂರು ವರ್ಷಗಳ ಬಳಿಕ ತನ್ನ ದಿನಚರಿಯಲ್ಲಿ ಅವನು ಈ ವಕಾಲತ್ತನ್ನು ತಾನು ದೇಶಕ್ಕೆ ಸಲ್ಲಿಸಿದ ಅತ್ಯುತ್ತಮ ಸೇವೆಗಳಲ್ಲೊಂದು ಎಂದು ಬರೆದುಕೊಂಡನು. ಆ ಸೈನಿಕರನ್ನು ನೇಣಿಗೇರಿಸಿದ್ದರೆ ಅದು ಬಾಸ್ಟನ್ನಿಗೆ ಅಳಿಸಲಾಗದ ಮಸಿಯಾಗುತ್ತಿತ್ತು ಎಂಬ ಅವನ ಮಾತಿನಲ್ಲಿ ಸತ್ಯವಿದೆ.

ಕಟ್ಟಳೆಯನ್ನು ಬರೆದ ಕೈ

1774ರಲ್ಲಿ ಆಡಮ್ಸ್ ಫಿಲಡೆಲ್ಫಿಯಾದ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಹೋದನು. 1775ರಲ್ಲಿ ಸೇನಾಪತಿಯ ಸ್ಥಾನಕ್ಕೆ ದಕ್ಷಿಣದ ವರ್ಜೀನಿಯಾದವನಾದ ವಾಷಿಂಗ್ಟನ್‌ನ ಹೆಸರನ್ನು ಮುಂದಿಟ್ಟವನು ಇವನೇ. ಯುದ್ಧ ಉತ್ತರದವರ ಜಗಳವಾಗಿ ಉಳಿಯದೆ ಎಲ್ಲ ವಸಾಹತುಗಳದಾಗಲಿ ಎಂಬುದು ಇದರ ಹಿಂದಿನ ಯೋಚನೆ. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಸಿದ್ಧಪಡಿಸುವ ಐವರ ಸಮಿತಿಯಲ್ಲಿದ್ದರೂ ಬರೆಯುವ ಕೆಲಸವನ್ನು ಜೆಫರ್ಸನ್‌ಗೆ ಬಿಟ್ಟನು. ಸಭೆಯಲ್ಲಿ ಅದರ ಪರವಾಗಿ ವಾದಿಸುವ ಭಾರವನ್ನು ತಾನು ಹೊತ್ತನು. 1776ರ ಜುಲೈ 2ರಂದು ಸ್ವಾತಂತ್ರ್ಯದ ನಿರ್ಣಯ ಅಂಗೀಕಾರವಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಅಬಿಗೇಲ್ ಗಂಡನಿಗೆ ಬರೆದ ಪತ್ರದಲ್ಲಿ, ಹೊಸ ಕಾನೂನು ಬರೆಯುವಾಗ ಹೆಂಗಸರನ್ನು ನೆನೆಯಬೇಕು, ಗಂಡಂದಿರಿಗೆ ಮಿತಿಯಿಲ್ಲದ ಅಧಿಕಾರ ಕೊಡಬಾರದು ಎಂದು ಕೇಳಿದ್ದಳು. ಆಡಮ್ಸ್ ಅದನ್ನು ನಗೆಮಾತಿನಲ್ಲಿ ತೇಲಿಸಿದನು. ಸ್ವಾತಂತ್ರ್ಯದ ಮಾತಾಡುವವರು ತಮ್ಮ ಮನೆಯ ಹೊಸ್ತಿಲಲ್ಲಿ ಹೇಗೆ ನಿಂತುಬಿಡುತ್ತಾರೆ ಎಂಬುದಕ್ಕೆ ಆ ಉತ್ತರ ಒಂದು ನಿದರ್ಶನ.

1779ರ ಶರತ್ಕಾಲದಲ್ಲಿ, ಫ್ರಾನ್ಸಿನ ಎರಡು ದೌತ್ಯಗಳ ನಡುವೆ ಕೆಲವೇ ತಿಂಗಳು ಮನೆಯಲ್ಲಿದ್ದಾಗ, ಆಡಮ್ಸ್ ತನ್ನ ಬದುಕಿನ ಅತಿ ಬಾಳಿಕೆಯ ಕೆಲಸ ಮಾಡಿದನು. ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನವನ್ನು ಬರೆಯಲು ಮೂವರ ಉಪಸಮಿತಿ ನೇಮಕವಾಗಿತ್ತು. ಅದರ ಕರಡನ್ನು ಬಹುಮಟ್ಟಿಗೆ ಅವನೊಬ್ಬನೇ ಬರೆದನು. 1780ರಲ್ಲಿ ಜಾರಿಗೆ ಬಂದ ಆ ಸಂವಿಧಾನ ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ಈಗಲೂ ಜಾರಿಯಲ್ಲಿರುವ ಲಿಖಿತ ಸಂವಿಧಾನಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಇವು ಒಂದರ ಅಧಿಕಾರವನ್ನು ಇನ್ನೊಂದು ಚಲಾಯಿಸಬಾರದು. ವ್ಯಕ್ತಿಗಳ ಇಚ್ಛೆಯ ಬದಲು ಕಾನೂನು ಆಳಬೇಕು. ನ್ಯಾಯಾಧೀಶರು ಸನ್ನಡತೆ ಇರುವವರೆಗೂ ಸ್ಥಾನದಲ್ಲಿದ್ದು ಯಾರ ಮರ್ಜಿಗೂ ಬೀಳಬಾರದು ಎಂಬ ತತ್ತ್ವಗಳನ್ನು ಅದು ಸ್ಪಷ್ಟವಾಗಿ ಬರೆದಿಟ್ಟಿತು. ವಿದ್ಯೆಯನ್ನು ಎಲ್ಲ ವರ್ಗದ ಜನರಲ್ಲಿ ಹರಡುವುದು ಸರ್ಕಾರದ ಕರ್ತವ್ಯವೆಂಬ ಭಾಗವೂ ಆಡಮ್ಸ್‌ನದೇ.

ಆ ಸಂವಿಧಾನದ ಮೊದಲನೆಯ ವಿಧಿ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಸಾರಿತು. ಆಡಮ್ಸ್‌ನ ಕರಡಿನ ಪದಗಳನ್ನು ಸಭೆ ಸ್ವಲ್ಪ ಬದಲಿಸಿತ್ತು. ಆಶಯ ಅದೇ ಆಗಿತ್ತು. ಆಡಮ್ಸ್ ತಾನು ಎಂದೂ ಗುಲಾಮರನ್ನು ಇಟ್ಟುಕೊಂಡವನಲ್ಲ. ಆದರೆ 1777ರಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಮಸೂದೆ ರಾಜ್ಯದ ಶಾಸನಸಭೆಯ ಮುಂದೆ ಬಂದಾಗ, ದಕ್ಷಿಣದ ವಸಾಹತುಗಳು ಮುನಿದು ಒಕ್ಕೂಟ ಒಡೆಯಬಹುದೆಂಬ ಭಯದಿಂದ, ಅದು ಸದ್ಯಕ್ಕೆ ಮಲಗಿರಲಿ ಎಂದು ಸಲಹೆ ಮಾಡಿದ್ದನು. ಅವನು ಹೇಳಲು ಅಂಜಿದ್ದನ್ನು ಅವನು ಬರೆದ ವಿಧಿಯೇ ಹೇಳಿತು. 1781ರಲ್ಲಿ ಬೆಟ್ ಎಂಬ ಗುಲಾಮ ಸ್ತ್ರೀ ಆ ವಿಧಿಯ ಆಧಾರದ ಮೇಲೆ ಬಿಡುಗಡೆ ಕೇಳಿ ನ್ಯಾಯಾಲಯಕ್ಕೆ ಹೋಗಿ ಗೆದ್ದಳು. ಎಲಿಜಬೆತ್ ಫ್ರೀಮನ್ ಎಂಬ ಹೊಸ ಹೆಸರಿಟ್ಟುಕೊಂಡಳು. 1783ರಲ್ಲಿ ಕ್ವಾಕ್ ವಾಕರ್ ಎಂಬುವನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ವಿಲಿಯಂ ಕುಶಿಂಗ್, ಈ ಸಂವಿಧಾನದ ಅಡಿಯಲ್ಲಿ ಗುಲಾಮಗಿರಿ ನಿಲ್ಲಲಾರದೆಂದು ಜ್ಯೂರಿಗೆ ವಿವರಿಸಿದನು. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಒಬ್ಬ ಗುಲಾಮನೂ ದಾಖಲಾಗಲಿಲ್ಲ. ಎರಡು ಪದ ಬಿಟ್ಟು ಮೊದಲ ದಾವೆಯನ್ನು ಸೋತವನು ಬರೆದ ಕೆಲವೇ ಪದಗಳು ಇಲ್ಲಿ ಅವನ ಧೈರ್ಯವನ್ನೂ ಮೀರಿ ಕೆಲಸ ಮಾಡಿದವು.

ಒಪ್ಪಂದದ ಮೇಜಿನಲ್ಲಿ

1781ರಲ್ಲಿ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಶರಣಾದನು. ಹನ್ನೊಂದು ವರ್ಷಗಳ ನಂತರ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ರಾಜ್ಯದ ಅರ್ಧ ಭಾಗವನ್ನು ಕಸಿದುಕೊಂಡವನು ಇದೇ ಕಾರ್ನ್‌ವಾಲಿಸ್ ಎಂಬುದು ಕನ್ನಡಿಗರಿಗೆ ತಿಳಿದ ವಿಚಾರ. ಅಮೆರಿಕದಲ್ಲಿ ಅವನ ಸೋಲು ಯುದ್ಧಕ್ಕೆ ತೆರೆ ಎಳೆಯಿತು. ಆ ಹೊತ್ತಿಗೆ ಆಡಮ್ಸ್ ಹಾಲೆಂಡಿನಲ್ಲಿದ್ದನು. 1782ರ ಏಪ್ರಿಲ್‌ನಲ್ಲಿ ಡಚ್ಚರಿಂದ ಹೊಸ ರಾಷ್ಟ್ರಕ್ಕೆ ಮಾನ್ಯತೆಯನ್ನೂ, ಬಳಿಕ 50 ಲಕ್ಷ ಗಿಲ್ಡರ್ ಸಾಲವನ್ನೂ ದೊರಕಿಸಿಕೊಟ್ಟನು. ಬರಿದಾಗಿದ್ದ ಬೊಕ್ಕಸಕ್ಕೆ ಅದು ಜೀವದಾನ.

ಪ್ಯಾರಿಸ್ಸಿನ ಸಂಧಾನದಲ್ಲಿ ಫ್ರಾಂಕ್ಲಿನ್, ಜಾನ್ ಜೇ ಇವರ ಜೊತೆಗೆ ಆಡಮ್ಸ್ ಕುಳಿತನು. ನ್ಯೂ ಇಂಗ್ಲೆಂಡಿನ ಬೆಸ್ತರಿಗೆ ಉತ್ತರದ ಕಡಲಿನಲ್ಲಿ ಮೀನು ಹಿಡಿಯುವ ಹಕ್ಕು ಉಳಿಯಬೇಕೆಂದು ಅವನು ಹಟ ಹಿಡಿದನು. ಯುದ್ಧಕ್ಕೆ ಮೊದಲು ಅಮೆರಿಕನ್ನರು ಬ್ರಿಟಿಷ್ ವರ್ತಕರಿಂದ ಮಾಡಿದ ಸಾಲದ ಪ್ರಶ್ನೆ ಬಂದಾಗ, ಯಾರಿಗೂ ಮೋಸ ಮಾಡುವ ಇಚ್ಛೆ ತನಗಿಲ್ಲ, ಸಾಲ ತೀರಲೇಬೇಕು ಎಂದನು. ಗೆದ್ದವರು ಹಳೆಯ ಲೆಕ್ಕವನ್ನು ಅಳಿಸಿಹಾಕಲು ಆತುರಪಡುತ್ತಿದ್ದ ಕಾಲದಲ್ಲಿ ಆಡಿದ ಮಾತು ಇದು. 1783ರ ಸೆಪ್ಟೆಂಬರ್ 3ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. 1785ರಲ್ಲಿ ಅವನು ಬ್ರಿಟನ್ನಿಗೆ ಅಮೆರಿಕದ ಮೊದಲ ರಾಯಭಾರಿಯಾಗಿ, ತಾನು ಹತ್ತು ವರ್ಷ ವಿರೋಧಿಸಿದ ಮೂರನೆಯ ಜಾರ್ಜ್ ದೊರೆಯ ಮುಂದೆ ಬಾಗಿ ನಿಂತು ಪತ್ರ ಒಪ್ಪಿಸಿದನು.

ಬೇಲಿಯೇ ಹೊಲ ಮೇಯ್ದಾಗ

ಎಂಟು ವರ್ಷ ವಾಷಿಂಗ್ಟನ್‌ನ ಕೆಳಗೆ ಉಪಾಧ್ಯಕ್ಷನಾಗಿದ್ದ ಆಡಮ್ಸ್ 1797ರ ಮಾರ್ಚ್ 4ರಂದು ಅಧ್ಯಕ್ಷನಾದನು. ಜೆಫರ್ಸನ್‌ಗಿಂತ ಅವನಿಗೆ ಬಂದದ್ದು ಮೂರೇ ಮತ ಹೆಚ್ಚು. ಅಂದಿನ ಪದ್ಧತಿಯಂತೆ ಸೋತ ಜೆಫರ್ಸನ್ ಉಪಾಧ್ಯಕ್ಷನಾದನು. ಕ್ರಾಂತಿಯ ನಂತರದ ಫ್ರಾನ್ಸ್ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿತ್ತು. ಸಂಧಾನಕ್ಕೆ ಹೋದ ದೂತರಿಂದ ಫ್ರೆಂಚ್ ಅಧಿಕಾರಿಗಳ ಮಧ್ಯಸ್ಥರು ಲಂಚ ಕೇಳಿದರು. ಈ ಸುದ್ದಿ 1798ರಲ್ಲಿ ಬಯಲಾದಾಗ ದೇಶದಲ್ಲಿ ಯುದ್ಧದ ಹುಮ್ಮಸ್ಸು ಉಕ್ಕಿತು. ಎಂದೂ ಜನಪ್ರಿಯನಾಗಿರದ ಆಡಮ್ಸ್ ಒಮ್ಮೆಗೇ ಜನನಾಯಕನಾದನು.

ಆ ಬೇಸಿಗೆಯಲ್ಲಿ ಅವನ ಪಕ್ಷದ ಬಹುಮತವಿದ್ದ ಕಾಂಗ್ರೆಸ್ ಪರದೇಶಿಯರ ಮೇಲೆಯೂ ಪತ್ರಿಕೆಗಳ ಮೇಲೆಯೂ ಕಠಿಣ ಕಾಯಿದೆಗಳನ್ನು ಮಾಡಿತು. ಜುಲೈ 14ರಂದು ಜಾರಿಗೆ ಬಂದ ದ್ರೋಹ ಕಾಯಿದೆಯ ಪ್ರಕಾರ ಸರ್ಕಾರ, ಕಾಂಗ್ರೆಸ್ ಅಥವಾ ಅಧ್ಯಕ್ಷನ ವಿರುದ್ಧ ಸುಳ್ಳು ಹಾಗೂ ದುರುದ್ದೇಶದ ಬರಹ ಪ್ರಕಟಿಸಿದವನಿಗೆ ಎರಡು ವರ್ಷದವರೆಗೆ ಸೆರೆ, 2000 ಡಾಲರ್‌ವರೆಗೆ ದಂಡ. ವಿರೋಧ ಪಕ್ಷದವನಾದ ಉಪಾಧ್ಯಕ್ಷನನ್ನು ನಿಂದಿಸಿದರೆ ಮಾತ್ರ ಅಪರಾಧವಿರಲಿಲ್ಲ. ಕಾಯಿದೆಯ ಮನಸ್ಸನ್ನು ತಿಳಿಯಲು ಈ ಒಂದು ಬಿಟ್ಟ ಪದ ಸಾಕು. ಆಡಮ್ಸ್ ಈ ಕಾನೂನನ್ನು ಕೇಳಿರಲಿಲ್ಲವೆಂಬುದು ನಿಜ. ಆದರೆ ಸಹಿ ಹಾಕಿದನು. ಪತ್ರಿಕೆಗಳು ಗಂಡನನ್ನು ಹಳಿಯುವುದನ್ನು ಓದಿ ನೊಂದಿದ್ದ ಅಬಿಗೇಲ್ ಕೂಡ ಇಂಥ ಕಾನೂನು ಬೇಕೆಂದಿದ್ದಳು. ಫಿಲಡೆಲ್ಫಿಯಾದ ಒಬ್ಬ ವಿರೋಧಿ ಸಂಪಾದಕನ ಮೇಲೆ ಮೊಕದ್ದಮೆ ಹೂಡಲು 1799ರಲ್ಲಿ ಆಡಮ್ಸ್ ತಾನೇ ಒತ್ತಾಸೆ ಕೊಟ್ಟನು.

ವರ್ಮಾಂಟಿನ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್‌ಗೆ ಅಧ್ಯಕ್ಷನ ಆಡಂಬರವನ್ನು ಟೀಕಿಸಿದ್ದಕ್ಕಾಗಿ ನಾಲ್ಕು ತಿಂಗಳ ಸೆರೆ, 1000 ಡಾಲರ್ ದಂಡ. ಸೆರೆಮನೆಯಲ್ಲಿರುವಾಗಲೇ ಅವನ ಮತದಾರರು ಅವನನ್ನು ಮತ್ತೆ ಗೆಲ್ಲಿಸಿದರು. ನ್ಯೂಜೆರ್ಸಿಯ ನ್ಯೂವರ್ಕಿನಲ್ಲಿ ಅಧ್ಯಕ್ಷನ ಸ್ವಾಗತಕ್ಕೆ ಫಿರಂಗಿ ಹಾರಿಸುವಾಗ ಕುಡಿದ ಅಮಲಿನಲ್ಲಿ ಒರಟು ತಮಾಷೆ ಮಾಡಿದ ಲೂಥರ್ ಬಾಲ್ಡ್ವಿನ್ ಎಂಬುವನೂ ದಂಡ ತೆತ್ತನು. ಕಿಂಗ್ ಸ್ಟ್ರೀಟಿನ ಮೊಕದ್ದಮೆಯಲ್ಲಿ ಇಡೀ ಪಟ್ಟಣದ ಸಿಟ್ಟನ್ನು ಬದಿಗಿಡುವಂತೆ ಜ್ಯೂರಿಯನ್ನು ಕೇಳಿಕೊಂಡ ವಕೀಲ ಈಗ ತನ್ನ ಸಿಟ್ಟನ್ನು ಬದಿಗಿಡಲಾರದೆ ಹೋದನು. ಅಂದು ನೊಂದವರು ಬೇರೆಯವರು. ಇಂದು ನೊಂದವನು ತಾನೇ. ಬೇರೆಯವರ ಕೋಪಕ್ಕೆ ಕಾನೂನಿನ ಕಡಿವಾಣ ಹಾಕುವುದು ಸುಲಭ. ತನ್ನ ಕೋಪಕ್ಕೆ ಕಾನೂನಿನ ಕತ್ತಿ ಸಿಕ್ಕಿದಾಗ ಕೈ ತಡೆಯುವುದು ಕಷ್ಟ. ಬೇಲಿಯೇ ಎದ್ದು ಹೊಲ ಮೇಯ್ದಿತು. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆಯುವ ಮುನ್ನವೇ, ಅದಕ್ಕಾಗಿ ವಾದಿಸಿದವನ ಸಹಿಯಿಂದಲೇ, ಆಳುವವರನ್ನು ಟೀಕಿಸುವುದು ಅಪರಾಧವಾಯಿತು.

ಯುದ್ಧವನ್ನು ಬಿಟ್ಟುಕೊಟ್ಟ ಅಧ್ಯಕ್ಷ

ಆದರೆ ಅದೇ ಆಡಮ್ಸ್ ಅದೇ ಕಾಲದಲ್ಲಿ ಮತ್ತೊಮ್ಮೆ ಗುಂಪಿಗೆ ಬೆನ್ನು ತಿರುಗಿಸಿದನು. ಈ ಸಲ ಆ ಗುಂಪು ಅವನದೇ ಪಕ್ಷ. ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಹಿಂಬಾಲಕರಾಗಿದ್ದ ಅವನ ಮಂತ್ರಿಗಳು ಫ್ರಾನ್ಸಿನ ಮೇಲೆ ಪೂರ್ಣ ಯುದ್ಧವನ್ನೂ ದೊಡ್ಡ ಸೇನೆಯನ್ನೂ ಬಯಸುತ್ತಿದ್ದರು. ಯುದ್ಧ ಘೋಷಿಸಿದ್ದರೆ ಆಡಮ್ಸ್ ಮರುಚುನಾವಣೆಯಲ್ಲಿ ಗೆಲ್ಲುವ ಸಂಭವ ಹೆಚ್ಚಿತ್ತು. ಆದರೆ ಶಾಂತಿಗೆ ಫ್ರೆಂಚರು ಸಿದ್ಧರಿದ್ದಾರೆಂಬ ಸೂಚನೆ ಸಿಕ್ಕಿದಾಗ, 1799ರ ಫೆಬ್ರವರಿ 18ರಂದು, ಯಾರನ್ನೂ ಕೇಳದೆ ಹೊಸ ದೂತನ ಹೆಸರನ್ನು ಸೆನೆಟಿಗೆ ಕಳುಹಿಸಿದನು. ಪಕ್ಷ ಸಿಡಿದೆದ್ದಿತು. 1800ರ ಸೆಪ್ಟೆಂಬರ್ 30ರಂದು ಫ್ರಾನ್ಸಿನೊಡನೆ ಶಾಂತಿ ಒಪ್ಪಂದವಾಯಿತು. ಆ ಸುದ್ದಿ ಕಡಲು ದಾಟಿ ಬರುವಷ್ಟರಲ್ಲಿ ಚುನಾವಣೆಗೆ ಅದರಿಂದ ಪ್ರಯೋಜನವಾಗುವ ಕಾಲ ಮೀರಿತ್ತು.

ಅಷ್ಟೇ ಮಹತ್ತ್ವದ ಇನ್ನೊಂದು ನಿರ್ಧಾರ ಅಷ್ಟಾಗಿ ನೆನಪಿನಲ್ಲಿಲ್ಲ. ಮನೆತೆರಿಗೆಯ ವಿರುದ್ಧ ಪೆನ್ಸಿಲ್ವೇನಿಯಾದ ಜರ್ಮನ್ ರೈತರು ಎದ್ದಾಗ ಅವರ ಮುಂದಾಳು ಜಾನ್ ಫ್ರೈಸ್‌ಗೆ ದೇಶದ್ರೋಹದ ಆರೋಪದ ಮೇಲೆ ಮರಣದಂಡನೆಯಾಯಿತು. ನೇಣು ಹಾಕಲೇಬೇಕೆಂದು ಮಂತ್ರಿಗಳು ಒಕ್ಕೊರಲಿನಿಂದ ಹೇಳಿದರು. ಆಡಮ್ಸ್ ಕಡತಗಳನ್ನು ತರಿಸಿಕೊಂಡು ವಕೀಲನಂತೆ ಓದಿದನು. ನಡೆದದ್ದು ದೊಂಬಿ, ಸಂವಿಧಾನ ಹೇಳುವ ದೇಶದ್ರೋಹ ಅದಲ್ಲ ಎಂದು ತೀರ್ಮಾನಿಸಿ, 1800ರ ಮೇ ತಿಂಗಳಲ್ಲಿ ಫ್ರೈಸ್ ಮತ್ತು ಅವನ ಜೊತೆಯವರಿಗೆ ಕ್ಷಮಾದಾನ ಕೊಟ್ಟನು. ಕಿಂಗ್ ಸ್ಟ್ರೀಟಿನ ವಕೀಲ ಅಧ್ಯಕ್ಷನೊಳಗೆ ಪೂರ್ತಿ ಸತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹ್ಯಾಮಿಲ್ಟನ್ ಆಡಮ್ಸ್‌ನ ಸ್ವಭಾವವನ್ನು ಹಳಿಯುವ ಉದ್ದನೆಯ ಪತ್ರವನ್ನು ಅಚ್ಚುಮಾಡಿಸಿದನು. ಚುನಾವಣೆಯಲ್ಲಿ ಜೆಫರ್ಸನ್, ಬರ್ ಇಬ್ಬರಿಗೂ 73 ಮತ, ಆಡಮ್ಸ್‌ನಿಗೆ 65. ಸೋತ ಅಧ್ಯಕ್ಷ ಸೇನೆಯನ್ನು ಕರೆಯಲಿಲ್ಲ, ಮತವನ್ನು ಪ್ರಶ್ನಿಸಲಿಲ್ಲ. 1801ರ ಮಾರ್ಚ್ 4ರಂದು, ಹೊಸಬನ ಪ್ರಮಾಣವಚನಕ್ಕೆ ನಿಲ್ಲದೆ, ಬೆಳಗಿನ ಜಾವ ನಾಲ್ಕು ಗಂಟೆಗೆ ಗಾಡಿ ಹತ್ತಿ ಊರಿಗೆ ಹೊರಟನು. ಅದು ಸೌಜನ್ಯವಲ್ಲದಿರಬಹುದು, ಆದರೆ ಒಂದು ಪಕ್ಷ ಇನ್ನೊಂದಕ್ಕೆ ರಕ್ತ ಹರಿಯದಂತೆ ಅಧಿಕಾರ ಬಿಟ್ಟುಕೊಟ್ಟ ಮೊದಲ ಪ್ರಸಂಗ ಅಮೆರಿಕದಲ್ಲಿ ನಡೆದದ್ದು ಹೀಗೆ. ಹಿಂದಿನ ರಾತ್ರಿಯೇ ದ್ರೋಹ ಕಾಯಿದೆಯ ಅವಧಿ ಮುಗಿದಿತ್ತು. ಹೊರಡುವ ಮುನ್ನ ಅವನು ಮಾಡಿದ ನೇಮಕಗಳಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್‌ನದೂ ಒಂದು. ಸಂವಿಧಾನಕ್ಕೆ ವಿರುದ್ಧವಾದ ಶಾಸನವನ್ನು ನ್ಯಾಯಾಲಯ ಅಸಿಂಧುವೆನ್ನಬಹುದೆಂದು 1803ರಲ್ಲಿ ತೀರ್ಪಿತ್ತವನು ಈ ಮಾರ್ಷಲ್. ದ್ರೋಹ ಕಾಯಿದೆಗೆ ಸಹಿ ಹಾಕಿದ ಕೈಯೇ, ಮುಂದೆ ಅಂಥ ಕಾಯಿದೆಗಳನ್ನು ತಡೆಯಬಲ್ಲ ಪೀಠವನ್ನೂ ಬಲಪಡಿಸಿ ಹೋಯಿತು.

ಕಡೆಯ ತಿದ್ದುಪಡಿ

ಮುಂದಿನ ಕಾಲು ಶತಮಾನವನ್ನು ಆಡಮ್ಸ್ ಹೊಲ, ಪುಸ್ತಕ, ಪತ್ರಗಳ ನಡುವೆ ಕಳೆದನು. 1812ರಲ್ಲಿ ವೈದ್ಯಮಿತ್ರ ಬೆಂಜಮಿನ್ ರಷ್‌ನ ಪ್ರಯತ್ನದಿಂದ ಜೆಫರ್ಸನ್‌ನೊಡನೆ ಮುನಿಸು ಕಳೆಯಿತು. ಇಬ್ಬರು ಮುದುಕರ ಪತ್ರವ್ಯವಹಾರ ಆ ನಾಡಿನ ಸಾಹಿತ್ಯದ ಆಸ್ತಿಯಾಯಿತು. 1818ರಲ್ಲಿ ಅಬಿಗೇಲ್ ತೀರಿಕೊಂಡಳು. 1820ರಲ್ಲಿ, 85ನೆಯ ವಯಸ್ಸಿನಲ್ಲಿ, ತಾನೇ ಬರೆದ ಸಂವಿಧಾನವನ್ನು ತಿದ್ದಲು ಸೇರಿದ ಸಭೆಗೆ ಊರಿನವರು ಅವನನ್ನು ಆರಿಸಿ ಕಳುಹಿಸಿದರು. ಚರ್ಚಿಗೆ ಸಾರ್ವಜನಿಕ ಹಣ ಕೊಡಿಸುತ್ತಿದ್ದ ವಿಧಿಯನ್ನು ಬದಲಿಸಿ ಎಲ್ಲ ಮತಧರ್ಮದವರಿಗೂ ಕಾನೂನಿನ ಸಮಾನ ರಕ್ಷಣೆ ದೊರೆಯಬೇಕೆಂದು ಅವನು ಅಲ್ಲಿ ಸೂಚಿಸಿದನು. ಸಭೆ ಒಪ್ಪಲಿಲ್ಲ. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ದಿನ, ಜೆಫರ್ಸನ್ ಸತ್ತ ದಿನವೇ, ತನ್ನ 90ನೆಯ ವಯಸ್ಸಿನಲ್ಲಿ ಅವನು ಕಣ್ಣು ಮುಚ್ಚಿದನು. ಆಗ ದೇಶದ ಅಧ್ಯಕ್ಷನಾಗಿದ್ದವನು ಅವನ ಮಗ ಜಾನ್ ಕ್ವಿನ್ಸಿ ಆಡಮ್ಸ್.

ಹೊಸ ನಾಡನ್ನು ಕಟ್ಟಿದವರನ್ನು ನಾವು ಪೂಜಿಸುತ್ತೇವೆ, ಇಲ್ಲವೇ ಅವರ ಒಂದು ತಪ್ಪನ್ನು ಹಿಡಿದು ಪೂರ್ತಿಯಾಗಿ ತಳ್ಳಿಹಾಕುತ್ತೇವೆ. ಆಡಮ್ಸ್‌ನನ್ನು ಅಳೆಯಲು ಇವೆರಡೂ ಬೇಕಿಲ್ಲ. ಅಳತೆಗೋಲನ್ನು ಅವನೇ ಕೊಟ್ಟುಹೋಗಿದ್ದಾನೆ. ಊರು ದ್ವೇಷಿಸುವವನಿಗೆ ಕಾನೂನು ಏನು ಮಾಡಿತು ಎಂಬುದೇ ಆ ಅಳತೆ. ಅದರಂತೆ ಎಂಟು ಸೈನಿಕರ ಮತ್ತು ಫ್ರೈಸ್‌ನ ವಿಷಯದಲ್ಲಿ ಅವನು ಗೆದ್ದನು. ಅಟಕ್ಸ್ ಮತ್ತು ಲಯನ್ ವಿಷಯದಲ್ಲಿ ಸೋತನು. ಬೆಟ್ ಎಂಬ ಹೆಣ್ಣುಮಗಳ ವಿಷಯದಲ್ಲಿ ಮಾತ್ರ ಅವನಿಲ್ಲದೆಯೇ, ಅವನು ಬರೆದಿಟ್ಟ ಸಾಲು ಗೆದ್ದಿತು. ಒಬ್ಬ ಮನುಷ್ಯ ಎಲ್ಲ ದಿನವೂ ಧೈರ್ಯಶಾಲಿಯಾಗಿರುವುದು ಸಾಧ್ಯವಿಲ್ಲ. ಆದ್ದರಿಂದಲೇ ಅವನು ಧೈರ್ಯವಾಗಿದ್ದ ದಿನದ ಮಾತನ್ನು ಕಾನೂನಾಗಿ ಬರೆದಿಡಬೇಕು. ಅವನು ಅಧೀರನಾದ ದಿನ ಆ ಬರಹವೇ ಅವನನ್ನು ತಡೆಯುವಂತಿರಬೇಕು.